ಚಿತ್ರದ ಮೂಲೆಯ ಹೆಸರು

ನೀಲಾಂಬಿಕೆಯಿಂದ ಆಗುವುದಿಲ್ಲ ಎಂದವರು ಇಬ್ಬರು. ಮೊದಲನೆಯವನು ಆಕೆಯ ಭಾವ. ಹುಬ್ಬಳ್ಳಿಯಲ್ಲಿ ಸ್ವಂತ ಹೊಲಿಗೆ ಅಂಗಡಿ ಹಾಕುತ್ತೇನೆಂದಾಗ, “ಮಷಿನ್ ತುಳದವರೆಲ್ಲಾ ಡಿಸೈನರ್ ಆಗತಾರೇನು?” ಎಂದು ನಕ್ಕಿದ್ದ. ಆಕೆ ಆಗಿ ತೋರಿಸಿದಳು. ಮದುಮಗಳ ರವಿಕೆ ಎಂದರೆ ನೀಲಾಂಬಿಕೆಯ ಅಂಗಡಿಯದೇ ಆಗಬೇಕು ಎನ್ನುವಷ್ಟು ಹೆಸರು ಗಳಿಸಿದಳು.

ಎರಡನೆಯವರು ಡ್ರಾಯಿಂಗ್ ಮಾಸ್ತರ ಗುರುಪಾದಪ್ಪನವರು. ಅರವತ್ತರ ವಯಸ್ಸಿನಲ್ಲಿ ಚಿತ್ರ ಕಲಿಯಲು ಹೋದವಳಿಗೆ, “ಅವ್ವಾರ, ಇದು ಮಂದಿ ಕಡಿಂದ ಕೆಲಸಾ ಮಾಡಿಸಿದ ಕೈ. ತಾನ ಮಾಡೂದು ಇನ್ನ ಕಲಿಯಾಂಗಿಲ್ಲ” ಎಂದರು.

ಆಕೆಗೆ ರೋಷ ಬಂತು. “ಯುಗಾದಿ ಪ್ರದರ್ಶನದಾಗ ನನ್ನ ಹತ್ತು ಚಿತ್ರ ಇರತಾವ, ನೋಡ್ರಿ” ಎಂದು ಎಲ್ಲರೆದುರು ಹೇಳಿ ಬಂದಳು.

ಹೇಳುವುದು ಸುಲಭವಿತ್ತು. ಗೆರೆ ಎಳೆಯಲು ಆಕೆಗೆ ಬರುತ್ತಿತ್ತು, ಬಣ್ಣ ಮಾತ್ರ ಮಾತು ಕೇಳಲಿಲ್ಲ. ಆರು ತಿಂಗಳಲ್ಲಿ ಒಂದು ಚಿತ್ರವೂ ಗೋಡೆಗೆ ಹಾಕುವಂತಾಗಲಿಲ್ಲ. ಕೊನೆಗೆ ಆಕೆ ಹತ್ತೊಂಬತ್ತು ವರ್ಷದಿಂದ ತನ್ನಲ್ಲಿ ಕಸೂತಿ ಹಾಕುತ್ತಿದ್ದ ದ್ಯಾಮವ್ವನನ್ನು ಕರೆದಳು.

“ನಾ ಗೆರಿ ಹಾಕತೀನಿ. ನೀ ಬಣ್ಣ ತುಂಬು.”

“ಇದೂ ರವಿಕಿ ಇದ್ದಂಗ ಏನ್ರಿ ಅಕ್ಕಾರ? ಕೈ ನಂದು, ಹೆಸರು ನಿಮ್ದು?”

“ಹೂಂ, ಹಂಗ.”

ಅಂಗಡಿಯಲ್ಲಿ ಅದೇ ರೂಢಿ. ನಕ್ಷೆ ಒಬ್ಬರದು, ಕತ್ತರಿ ಇನ್ನೊಬ್ಬರದು, ಸೂಜಿ ಮತ್ತೊಬ್ಬರದು. ಕೊರಳಪಟ್ಟಿಯ ಒಳಗಿನ ಚೀಟಿಯಲ್ಲಿ ಹೆಸರು ಮಾತ್ರ ನೀಲಾಂಬಿಕೆಯದು. ಇದರಲ್ಲಿ ತಪ್ಪೇನೂ ಆಕೆಗೆ ಕಾಣಲಿಲ್ಲ.

ಪ್ರದರ್ಶನದಲ್ಲಿ ಆ ಹತ್ತು ಚಿತ್ರಗಳಿಗೇ ಮೊದಲ ಬಹುಮಾನ ಬಂತು. ಗುರುಪಾದಪ್ಪನವರು ಎಮ್ಮೆಯ ಚಿತ್ರವೊಂದರ ಮುಂದೆ ಬಹಳ ಹೊತ್ತು ನಿಂತರು.

“ನನ್ನ ಮಾತು ಸುಳ್ಳಾತು, ತಾಯಿ. ಮೈಮ್ಯಾಲಿನ ಈ ಹೊಳಪು ನನಗ ಇನ್ನೂ ಬಂದಿಲ್ಲ. ಸಣ್ಣ ಸಣ್ಣ ಎಳಿ, ಹೊಲಿಗಿ ಹಾಕಿದಂಗ. ನಮ್ಮ ಹುಡುಗರಿಗೆ ಒಂದೀಟು ಮಾಡಿ ತೋರಸ್ರಿ.” ಅವರು ಕುಂಚವನ್ನು ಎರಡೂ ಕೈಯಲ್ಲಿ ಹಿಡಿದು ಚಾಚಿದರು.

ಸಭೆಯೆಲ್ಲ ನೋಡುತ್ತಿತ್ತು. ನೀಲಾಂಬಿಕೆಯ ಕೈ ಮೇಲೇಳಲಿಲ್ಲ. ಆಗ ಹಿಂದಿನಿಂದ ದ್ಯಾಮವ್ವ ನುಗ್ಗಿ ಬಂದಳು.

“ಅಕ್ಕಾರ ಕೈ ಉಳುಕೈತ್ರಿ ಮಾಸ್ತರ. ಇವತ್ತ ಬ್ಯಾಡ್ರಿ.”

ತನ್ನ ಮಾನ ಉಳಿಸಲು ಈಕೆ ಸುಳ್ಳು ಹೇಳುತ್ತಿದ್ದಾಳೆ! ನೀಲಾಂಬಿಕೆಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ತಲೆಯಾಡಿಸಿಬಿಟ್ಟರೆ ಹೆಸರು ಉಳಿಯುತ್ತಿತ್ತು. ಆದರೆ ಬಾಯಿಂದ ಬಂದದ್ದು ಬೇರೆಯೇ ಮಾತು.

“ಕೈ ಉಳುಕಿಲ್ರಿ. ಈ ಬಣ್ಣ ಇಕಿದು.”

ಜನ ಗುಸುಗುಸು ಎಂದರು. “ಹಂಗಾರ ನನ್ನ ಮಗಳ ಮದಿವಿ ರವಿಕಿ ಯಾರ್ದವಾ?” ಎಂದು ಒಬ್ಬಾಕೆ ಕೇಳಿಯೇ ಬಿಟ್ಟಳು. ಕೆಲವರು ನಕ್ಕರು.

ಗುರುಪಾದಪ್ಪನವರು ನಗಲಿಲ್ಲ. ಕುಂಚವನ್ನು ದ್ಯಾಮವ್ವನ ಕಡೆ ತಿರುಗಿಸಿ, “ಮೂಲ್ಯಾಗ ನಿನ್ನ ಹೆಸರು ಬರಿಯವಾ” ಎಂದರು.

ದ್ಯಾಮವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. “ನನಗ ಬರಿಯಾಕ ಬರಂಗಿಲ್ರಿ.”

ನೀಲಾಂಬಿಕೆ ಅಕ್ಷರ ಕಲಿತದ್ದು ಶಾಲೆಯಲ್ಲಲ್ಲ, ಅಳತೆಗೆ ಕತ್ತರಿಸುವ ಹಳೆಯ ಪತ್ರಿಕೆಗಳಲ್ಲಿ. ಯಾರ ಹಂಗೂ ಇಲ್ಲದೆ ಕಲಿತೆ ಎಂದು ಊರೆಲ್ಲ ಹೇಳಿಕೊಂಡು ತಿರುಗಿದವಳು. ಹತ್ತೊಂಬತ್ತು ವರ್ಷ ಮೊಳದ ದೂರದಲ್ಲಿ ಕೂತಿದ್ದವಳಿಗೆ ಒಂದು ಅಕ್ಷರ ಹೇಳಿಕೊಡಬೇಕೆಂದು ಒಂದು ದಿನವೂ ಹೊಳೆದಿರಲಿಲ್ಲ.

“ನಾ ಕಲಸ್ತೀನಿ, ಬಾ” ಎಂದಳು, ತಲೆ ತಗ್ಗಿಸಿ.

“ಬ್ಯಾಡ್ರಿ ಅಕ್ಕಾರ” ಎಂದಳು ದ್ಯಾಮವ್ವ, ಮೆಲ್ಲಗೆ. “ಮಾಸ್ತರ ಕಲಸ್ತಾರ.”

ಮರುದಿನದಿಂದ ದ್ಯಾಮವ್ವ ಅಂಗಡಿಗೆ ಬರಲಿಲ್ಲ.

ಈಗ ನೀಲಾಂಬಿಕೆ ತನ್ನದೆನ್ನಬಹುದಾದ ಚಿತ್ರ ಒಂದೇ ಒಂದಿದೆ. ಸೊಟ್ಟಗಾದ ಮಣ್ಣಿನ ಗಡಿಗೆ, ನೆರಳು ಬೀಳಬೇಕಾದ ಕಡೆ ಬಿದ್ದಿಲ್ಲ. ಗೆರೆಯೂ ಬಣ್ಣವೂ ಹೆಸರೂ ಆಕೆಯವೇ. ಅದಕ್ಕೆ ಆಕೆ ತೆತ್ತ ಬೆಲೆ ಬಿಟ್ಟುಕೊಟ್ಟ ಮೊದಲ ಬಹುಮಾನ, ಊರ ಬಾಯಲ್ಲಿದ್ದ ಹೆಸರು, ಮತ್ತು ದಿನಾ ಬೆಳಿಗ್ಗೆ ಬಾಗಿಲಲ್ಲಿ ನಿಂತು “ಅಕ್ಕಾರ” ಎನ್ನುತ್ತಿದ್ದ ಒಂದು ದನಿ.

ನೀತಿ: ಇನ್ನೊಬ್ಬರ ಕೈಕೆಲಸಕ್ಕೆ ನಮ್ಮ ಹೆಸರು ಹಚ್ಚುವುದು ರೂಢಿಯಾದ ಮಾತ್ರಕ್ಕೆ ನ್ಯಾಯವಾಗುವುದಿಲ್ಲ. ತಪ್ಪೊಪ್ಪಿಕೊಂಡರೆ ಮನಸ್ಸು ಹಗುರಾದೀತು, ಆದರೆ ನಾವು ಕಳೆದುಕೊಂಡವರು ತಿರುಗಿ ಬರಲೇಬೇಕೆಂದಿಲ್ಲ.