ಬಂದೂಕು ಕಂಡ ಕಣ್ಣು

ಹಿಮದ ಗಡಿಯ ಬಂಕರಿನಲ್ಲಿ ಹವಾಲ್ದಾರ್ ಬೋಪಯ್ಯ ಹೆಪ್ಪುಗಟ್ಟಿದ ಬಣ್ಣದ ಕುಪ್ಪಿಯನ್ನು ಕಂಕುಳಲ್ಲಿಟ್ಟು ಕರಗಿಸುತ್ತಿದ್ದ. ರಜೆಯಲ್ಲಿ ಗೆಳೆಯರೊಡನೆ ಮೇಜಿನ ಮೇಲೆ ಕಾಳಗದಾಟ ಆಡಲು ಹೆಬ್ಬೆರಳುದ್ದದ ತವರದ ಸೈನಿಕರಿಗೆ ಬಣ್ಣ ಹಚ್ಚುವುದು ಅವನ ಹುಚ್ಚು. ಗೋಡೆಗೊರಗಿದ್ದ ಬಂದೂಕಿಗೆ ರೇಗಿತು.

“ಎಲೈ ಕುಂಚವೇ, ಗಡಿ ಕಾಯುವ ಕೈಗೆ ಈ ಮಕ್ಕಳಾಟವೇಕೆ?”

“ಅಣ್ಣಾ, ಸ್ವಲ್ಪ ಸುಮ್ಮನಿದ್ದು ನೋಡು,” ಎಂದಿತು ಕುಂಚ.

ಚಳಿಗೆ ಗಡಗಡ ನಡುಗುತ್ತಿದ್ದ ಬೋಪಯ್ಯ ಕುಂಚವೆತ್ತಿ ಉಸಿರು ಬಿಗಿಹಿಡಿದ. ಕೈಯ ನಡುಕ ನಿಂತಿತು. ಸಾಸಿವೆಗಿಂತ ಸಣ್ಣ ಕಣ್ಣೊಂದು ತವರದ ಮುಖದಲ್ಲಿ ಮೂಡಿ, ಬಂದೂಕನ್ನೇ ನೋಡಿತು.

ಆ ಉಸಿರು ಬಂದೂಕಿಗೆ ಗೊತ್ತಿದ್ದದ್ದೇ. ಗುರಿಯಿಡುವಾಗ ಬೋಪಯ್ಯ ಬಿಗಿಹಿಡಿಯುವುದೂ ಹಾಗೆಯೇ.

“ತಮ್ಮಾ,” ಎಂದಿತು, “ನನಗಾಗಿ ಅವನು ಉಸಿರು ಹಿಡಿದಾಗಲೆಲ್ಲ ಎಲ್ಲೋ ಒಂದು ಕಣ್ಣು ಮುಚ್ಚುತ್ತಿತ್ತು. ಕಣ್ಣು ತೆರೆದದ್ದನ್ನು ನಾನು ಇವತ್ತೇ ಕಂಡೆ.”