ಐದನೇ ಎಲೆ

ಮಾತಾಜಿ ಶಿಷ್ಯರ ಕಂಪ್ಯೂಟರ್ ಪರದೆಯನ್ನು ನೋಡುತ್ತಿರಲಿಲ್ಲ.

ಮೂವತ್ತು ವರ್ಷ ಕಂಪ್ಯೂಟರ್ ಕೆಲಸವನ್ನೇ ಮಾಡಿ, ಆಮೇಲೆ ನದೀತೀರದ ಆಶ್ರಮಕ್ಕೆ ಬಂದವರು. ಕಲಿಯಬೇಕು ಅಂತ ಬಂದವರಿಗೆ ವೆಬ್ ಪುಟ ಕಟ್ಟುವುದನ್ನು ಹೇಳಿಕೊಡುತ್ತಿದ್ದರು. ಆದರೆ ಯಾರಾದರೂ ಲ್ಯಾಪ್‌ಟಾಪ್ ತಿರುಗಿಸಿ ತೋರಿಸಲು ಹೋದರೆ ಕಣ್ಣು ಮುಚ್ಚಿಕೊಂಡುಬಿಡುತ್ತಿದ್ದರು.

"ತೋರಿಸಬೇಡ. ಹೇಳು."

ಆ ಬೆಳಿಗ್ಗೆ ಅವರು ನದಿಯ ಮೆಟ್ಟಿಲ ಮೇಲೆ ಕೂತು ದಂಟಿನ ಸೊಪ್ಪು ಬಿಡಿಸುತ್ತಿದ್ದರು. ಶಿಷ್ಯೆ ಮೇದಿನಿ ಬಂದು ಎರಡು ಮೆಟ್ಟಿಲು ಕೆಳಗೆ ನಿಂತಳು. ಒಂದು ಕೈಯಲ್ಲಿ ಲ್ಯಾಪ್‌ಟಾಪ್, ಇನ್ನೊಂದರಲ್ಲಿ ಹಿತ್ತಾಳೆ ಲೋಟ.

ಆಶ್ರಮಕ್ಕೆ ಬಂದ ದಿನ ಎಲ್ಲರಿಗೂ ಅಂಥದೊಂದು ಲೋಟ ಕೊಡುತ್ತಾರೆ. ಹೊರಡುವ ದಿನ ವಾಪಸ್ ಕೊಡಬೇಕು.

"ಲೋಟ ಯಾಕೆ ತಂದೆ?"

"ಕೊಟ್ಟು ಹೋಗೋಣ ಅಂತ."

"ಸರಿ. ಅಲ್ಲಿಡು. ಮೊದಲು ಆ ದಂಟು ಈ ಕಡೆ ಎಳಿ."

ಮೇದಿನಿ ಲ್ಯಾಪ್‌ಟಾಪನ್ನು ಕಂಕುಳಿಗೆ ಸೇರಿಸಿ ದಂಟು ಎಳೆದಳು. ಲೋಟ ಎಲ್ಲಿಡಬೇಕೋ ತಿಳಿಯದೆ ಕೈಯಲ್ಲೇ ಇಟ್ಟುಕೊಂಡಳು.

"ಈಗ ಹೇಳು."

"ಅಡುಗೆ ಮನೆ ಗೋಡೆಯ ಪರದೆ, ಮಾತಾಜಿ. ಅದು ಸುಳ್ಳು ಹೇಳ್ತಿದೆ."

ಆ ಪರದೆಯನ್ನು ಕಟ್ಟಿದವಳು ಮೇದಿನಿಯೇ. ಊಟಕ್ಕೆ ಇರುವವರ ಹೆಸರು ಅದರಲ್ಲಿ ಒಂದರ ಕೆಳಗೊಂದು ಬರುತ್ತದೆ. ಪ್ರತಿ ಹೆಸರಿನ ಪಕ್ಕ ಒಂದು ಚೌಕ. ಉಪ್ಪು ಬಿಟ್ಟವರಿಗೆ ಆ ಚೌಕದಲ್ಲಿ ಟಿಕ್. ಯಾರಾದರೂ ಇವತ್ತು ಊಟಕ್ಕಿಲ್ಲ ಅಂದರೆ ಅವರ ಹೆಸರಿನ ಮುಂದಿನ ಇಂಟು ಮಾರ್ಕ್ ಒತ್ತಿದರಾಯಿತು, ಆ ಸಾಲು ಮಾಯ. ಬಡಿಸುವವರು ದಿನಕ್ಕೊಬ್ಬರು ಬದಲಾಗುತ್ತಾರೆ. ಪರದೆ ಏನು ಹೇಳುತ್ತದೋ ಅದನ್ನೇ ನಂಬಿ ಬಡಿಸುತ್ತಾರೆ.

"ಈ ವಾರ ಎರಡು ಸಲ ಟಿಕ್ ಬೇರೆಯವರ ಹೆಸರಿಗೆ ಹೋಗಿತ್ತು," ಮೇದಿನಿ ಹೇಳಿದಳು. "ನಾಲ್ಕನೇ ಸಾಲಿಗೆ ಇರಬೇಕಾದ್ದು ಐದನೇ ಸಾಲಿಗೆ ಇತ್ತು."

"ನಾಲ್ಕನೇ ಸಾಲು ಅಂದ್ರೆ ಯಾರು?"

ಮೇದಿನಿ ಸ್ವಲ್ಪ ಯೋಚಿಸಿದಳು. "ಪುಟ್ಟಸ್ವಾಮಯ್ಯ ಮೇಷ್ಟ್ರು."

ಮೇಷ್ಟ್ರಿಗೆ ಕಿಡ್ನಿ ತೊಂದರೆ. ಉಪ್ಪು ಕೂಡದು. ನಾಲಿಗೆಯ ರುಚಿಯೂ ಹೋಗಿತ್ತು. ಎಲೆಗೆ ಬಿದ್ದದ್ದನ್ನು ಸುಮ್ಮನೆ ಉಣ್ಣುವವರು. ಎರಡು ಸಲ ಉಪ್ಪಿನ ಸಾಂಬಾರು ಉಂಡಿದ್ದರು. ಕಾಲು ಊದಿಕೊಂಡು ಮೂರು ದಿನ ಆಸ್ಪತ್ರೆಯಲ್ಲಿದ್ದರು. ಇವತ್ತು ಬೆಳಿಗ್ಗೆ ಬಂದಿದ್ದರು.

"ಟಿಕ್ ಹಾಕೋ ಚೌಕವನ್ನೇ ಮೂರು ಸಲ ಹೊಸದಾಗಿ ಬರೆದೆ," ಮೇದಿನಿ ಹೇಳಿದಳು. "ಪುಟ ಕಟ್ಟೋ ಫ್ರೇಮ್‌ವರ್ಕಿನ ಹೊಸ ಆವೃತ್ತಿ ಹಾಕಿದೆ. ಬಣ್ಣ, ಅಳತೆ, ಎಲ್ಲಾ ತೆಗೆದು ನೋಡಿದೆ. ನಾನು ನೋಡಿದಾಗಲೆಲ್ಲಾ ಸರಿ ಇರುತ್ತೆ ಮಾತಾಜಿ. ನಾನು ಇಲ್ಲದಾಗ ತಪ್ಪುತ್ತೆ."

"ಎಲ್ಲಿ ನೋಡಿದೆ?"

"ನನ್ನ ಕೋಣೆಯಲ್ಲಿ."

"ಹೋಗಿ ತಪ್ಪು ಆಗೋ ಕಡೆ ನೋಡು."

ಮೇದಿನಿಗೆ ಅರ್ಥವಾಗಲಿಲ್ಲ. ಆದರೂ ಅಡುಗೆ ಮನೆಗೆ ಹೋದಳು.

ಅಡುಗೆಯ ದೇವೀರಮ್ಮ ಒಲೆಯ ಮುಂದಿಂದ ತಿರುಗಿ ನೋಡಿದಳು.

"ಬಂದ್ಯಾ ತಾಯಿ? ಬಾ. ನಿನ್ನ ಗಾಜಿನ ಹಲಗೆಗೆ ದೃಷ್ಟಿ ತೆಗೀಬೇಕೇನೋ ಅಂತ ಮೆಣಸಿನಕಾಯಿ ಎತ್ತಿಟ್ಟಿದೀನಿ."

ಮೇದಿನಿ ದಿನಾ ಮಾಡುವ ಹಾಗೆ ಮೊದಲು ಪುಟವನ್ನು ರಿಫ್ರೆಶ್ ಮಾಡಿದಳು. ಪಟ್ಟಿ ಮತ್ತೆ ಬಂತು. ಟಿಕ್ ಮೇಷ್ಟ್ರ ಹೆಸರಿಗೇ ಇತ್ತು. ಪಟ್ಟಿಯ ಕೊನೆಯಲ್ಲಿ ಒಂದು ಸುಳ್ಳು ಹೆಸರು ಸೇರಿಸಿದಳು. ಅದನ್ನೇ ಅಳಿಸಿದಳು. ಟಿಕ್ ಅಲ್ಲಾಡಲಿಲ್ಲ.

"ಸರಿ ಇದೆ," ಅಂದಳು ಮೆಲ್ಲಗೆ.

"ನಿನ್ನ ಮುಂದೆ ಅದು ಒಳ್ಳೇ ಮಗು ಕಣವ್ವ. ನೀನು ಆ ಕಡೆ ಹೋಗು, ಈ ಕಡೆ ಶುರು ಹಚ್ಚಿಕೊಳ್ತದೆ." ದೇವೀರಮ್ಮ ಸೌಟು ಕೊಡವಿದಳು. "ಮಾತಾಜಿಗೂ ಹೇಳಿದೀನಿ. ನಾಳೆ ಮಧ್ಯಾಹ್ನದ ಊಟದೊಳಗೆ ನೆಟ್ಟಗಾಗದಿದ್ರೆ ಅದನ್ನ ಗೋಡೆಯಿಂದ ಕಿತ್ತು, ನನ್ನ ಸ್ಲೇಟು ನೇತು ಹಾಕ್ತೀನಿ. ಮೇಷ್ಟ್ರನ್ನ ಇನ್ನೊಂದ್ಸಲ ಆಸ್ಪತ್ರೆಗೆ ಹೊರೋಕೆ ನನ್ನ ಕೈಲಾಗಲ್ಲ."

ಮೇದಿನಿ ಮೆಟ್ಟಿಲಿಗೆ ವಾಪಸ್ ಬಂದಳು.

"ಅಲ್ಲಿ ತಪ್ಪಿಲ್ಲ, ಮಾತಾಜಿ."

"ಹಾಗಾದ್ರೆ ಮೇಷ್ಟ್ರ ಕಾಲು ಯಾಕೆ ಊದಿದೆ?"

ಮೇದಿನಿ ಲೋಟವನ್ನು ಮೆಟ್ಟಿಲ ಮೇಲಿಡಲು ಬಗ್ಗಿದಳು.

"ಇವತ್ತು ನೀನು ಬಡಿಸು," ಮಾತಾಜಿ ಸೊಪ್ಪಿನ ಬುಟ್ಟಿ ಎತ್ತಿಕೊಂಡರು. "ಲೋಟ ನಾಳೆ ಕೊಡುವಿಯಂತೆ."

"ನನಗೆ ಬಡಿಸಿ ಅಭ್ಯಾಸ ಇಲ್ಲ."

"ಎಲೆಗೆ ಹಾಕಬೇಕು. ನೆಲಕ್ಕೆ ಹಾಕಬಾರದು. ಅಷ್ಟೇ."

ಮಧ್ಯಾಹ್ನ ಪಂಕ್ತಿ ಕೂತಿತು. ದೀಪದ ಕಡೆಯಿಂದ ಬಾಗಿಲವರೆಗೆ ಹನ್ನೊಂದು ಎಲೆ. ಎಲ್ಲರ ಬಲಗಡೆ ಅವರವರ ಲೋಟ. ದೇವೀರಮ್ಮ ಎರಡು ಪಾತ್ರೆ ಕೊಟ್ಟಳು. ದೊಡ್ಡದರಲ್ಲಿ ಎಲ್ಲರ ಸಾಂಬಾರು. ಚಿಕ್ಕದರಲ್ಲಿ ಉಪ್ಪಿಲ್ಲದ್ದು.

"ಮೇಷ್ಟ್ರು ಎಲ್ಲಿ ಕೂತಿದಾರೆ ಅಂತ ಈಗಲೇ ನೋಡ್ಕೊ."

ಮೇದಿನಿ ಬಾಗಿಲ ಸಂದಿಯಿಂದ ಎಣಿಸಿದಳು. ಐದನೇ ಎಲೆ.

ಐದು, ಐದು ಅಂತ ಮನಸ್ಸಿನಲ್ಲೇ ಹೇಳಿಕೊಂಡು ಅನ್ನದ ಬುಟ್ಟಿ ತರಲು ಒಳಗೆ ಹೋದಳು. ಹೊರಗೆ ಏನೋ ಗುಸುಗುಸು, ಬಟ್ಟೆಯ ಸರಸರ, ಲೋಟಗಳ ಠಣ ಠಣ. ಅವಳು ಗಮನ ಕೊಡಲಿಲ್ಲ.

ಅನ್ನ ಬಡಿಸಿದಳು. ತಲೆ ಎತ್ತಲಿಲ್ಲ. ಜನ ತನ್ನನ್ನು ನೋಡುತ್ತಾರೆ ಅನ್ನುವ ಸಂಕೋಚ ಅವಳಿಗೆ ಮೊದಲಿಂದಲೂ. ಎಲೆ ಮಾತ್ರ ನೋಡುತ್ತಾ ನಡೆದಳು. ಎಲೆಗಳು ಯಾರನ್ನೂ ನೋಡುವುದಿಲ್ಲ.

ಸಾಂಬಾರು. ಒಂದು. ಎರಡು. ಮೂರು.

ನಾಲ್ಕನೇ ಎಲೆಗೆ ಸೌಟು ಬಗ್ಗಿಸಿದಳು. ಎಲೆಯ ಮೇಲೆ ಅಡ್ಡಲಾಗಿ ಒಂದು ಕೈ ಬಂತು.

ಸೌಟು ಅಲ್ಲೇ ನಿಂತಿತು. ಒಂದು ಬಿಸಿ ಹನಿ ಆ ಕೈ ಮೇಲೆ ಬಿತ್ತು. ಊದಿದ ಕೈ. ಹಿಂಗೈಯಲ್ಲಿ ಡ್ರಿಪ್ ಹಾಕಿದ ಕಡೆ ಇನ್ನೂ ಬಿಳಿ ಪ್ಲಾಸ್ಟರ್ ಇತ್ತು.

ಮೇದಿನಿ ತಲೆ ಎತ್ತಿದಳು. ಪುಟ್ಟಸ್ವಾಮಯ್ಯ ಮೇಷ್ಟ್ರು ನಗುತ್ತಿದ್ದರು.

"ಇಲ್ಲಿದೀನಿ ಮಗಳೇ."

"ನೀವು… ನೀವು ಐದನೇ ಎಲೆ."

"ಆಗ ಐದು. ಈಗ ನಾಲ್ಕು. ಬಡ್ತಿ ಸಿಕ್ತು ನಂಗೆ."

ಪಂಕ್ತಿಯಲ್ಲಿ ಎಲ್ಲರೂ ನಕ್ಕರು. ಐದನೇ ಎಲೆಯಲ್ಲಿದ್ದ ಸರಸ್ವತಮ್ಮ ತನ್ನ ಎಲೆ ಮುಚ್ಚಿಕೊಂಡೇ ಅಂದಳು. "ಸದ್ಯ! ಇವತ್ತೂ ನಂಗೇ ಸಪ್ಪೆ ಬೀಳ್ತಿತ್ತು. ಸೋಮವಾರ ಆ ಸಪ್ಪೆ ಉಂಡು ಪಾಪ ಏನು ಮಾಡಿದ್ನೋ ಅಂದ್ಕೊಂಡಿದ್ದೆ."

ಮೇದಿನಿಗೆ ಏನೂ ತಿಳಿಯಲಿಲ್ಲ. ಮಾತಾಜಿ ಕಡೆ ನೋಡಿದಳು. ಎರಡನೇ ಎಲೆಯಲ್ಲಿದ್ದವರು ಈಗ ಮೊದಲನೆಯದರಲ್ಲಿದ್ದರು.

ಆಶ್ರಮದ ಪದ್ಧತಿ ಹಾಗೆ. ಪಂಕ್ತಿಯ ನಡುವೆ ಖಾಲಿ ಎಲೆ ಇರಬಾರದು. ಯಾರಾದರೂ ಎದ್ದು ಹೋದರೆ ಉಳಿದವರು ದೀಪದ ಕಡೆಗೆ ಒಂದೊಂದು ಎಲೆ ಜರುಗುತ್ತಾರೆ. ಎಲೆ ಇದ್ದಲ್ಲೇ ಇರುತ್ತದೆ. ಜನ ಮುಂದೆ ಹೋಗುತ್ತಾರೆ. ಕೊನೆಯ ಎಲೆ ತೆಗೆದುಬಿಡುತ್ತಾರೆ.

"ಮೊದಲನೇ ಎಲೆಯಿಂದ ಯಾರು ಎದ್ದು ಹೋದರು?" ಮಾತಾಜಿ ಕೇಳಿದರು.

ಮೇದಿನಿ ಆ ಎಲೆಯ ಕಡೆ ತಿರುಗಿದಳು. ಅಲ್ಲಿ ಯಾರೋ ಇದ್ದರು. ನೀಲಿ ಸೀರೆಯೇ? ಅಥವಾ ಹಸಿರೇ? ನೆನಪಿಗೆ ಬರಲಿಲ್ಲ.

"ಮೇಷ್ಟ್ರಿಗೆ ಉಪ್ಪು ಬಿದ್ದುಬಿಟ್ಟಿದ್ದರೆ, ಮಾತಾಜಿ?" ಅವಳು ಸೌಟನ್ನು ಪಾತ್ರೆಗೆ ಇಳಿಸಿದಳು.

"ಕೈ ಅಡ್ಡ ಇಡಿ ಅಂತ ಮೊದಲೇ ಹೇಳಿದ್ದೆ. ಸೋಮವಾರ ಹೇಳುವವರು ಯಾರೂ ಇರಲಿಲ್ಲ. ಬಡಿಸು, ಆರಿಹೋಗುತ್ತೆ."

ಊಟ ಮುಗಿಯಿತು. ಮೇದಿನಿ ಉಣ್ಣಲಿಲ್ಲ. ಅಡುಗೆ ಮನೆಯ ಪರದೆ ಮುಂದೆ ನಿಂತಳು.

ಈ ಸಲ ರಿಫ್ರೆಶ್ ಮಾಡಲಿಲ್ಲ. ಕೊನೆಯ ಹೆಸರು ಅಳಿಸಲಿಲ್ಲ. ಮೊದಲನೇ ಹೆಸರಿನ ಇಂಟು ಮಾರ್ಕ್ ಒತ್ತಿದಳು.

ಹೆಸರುಗಳೆಲ್ಲಾ ಒಂದೊಂದು ಸಾಲು ಮೇಲೆ ಜರುಗಿದವು. ಮೇಷ್ಟ್ರ ಹೆಸರು ಐದರಿಂದ ನಾಲ್ಕಕ್ಕೆ ಹೋಯಿತು. ಟಿಕ್ ಐದರಲ್ಲೇ ಕೂತಿತ್ತು.

"ನೋಡ್ದಾ!" ಹಿಂದಿನಿಂದ ದೇವೀರಮ್ಮ ಕೂಗಿದಳು. "ನಿನ್ನ ಎದುರಿಗೇ ಮಾಡ್ತು! ನಾನೇನು ಸುಳ್ಳು ಹೇಳ್ತಿದ್ನಾ?"

ಮೇದಿನಿಗೆ ಅಳು ಬಂತು, ನಗುವೂ ಬಂತು. ಇಷ್ಟು ದಿನ ಕೊನೆಯ ಸಾಲನ್ನೇ ಅಳಿಸಿ ನೋಡಿದ್ದಳು. ಕೊನೆಯವರು ಎದ್ದರೆ ಯಾರೂ ಜರುಗಬೇಕಿಲ್ಲವಲ್ಲ. ಬಂದ ಕೂಡಲೇ ರಿಫ್ರೆಶ್ ಮಾಡಿ, ಆಗಿದ್ದ ತಪ್ಪನ್ನೂ ತಾನೇ ಒರೆಸಿಬಿಡುತ್ತಿದ್ದಳು.

ಕೋಣೆಗೆ ಓಡಿದಳು. ತಪ್ಪು ಅವಳು ಬರೆದ ಕೋಡಿನ ಒಂದೇ ಒಂದು ಸಾಲಿನಲ್ಲಿತ್ತು. ಪಟ್ಟಿಯ ಪ್ರತಿ ಸಾಲಿಗೂ ಒಂದು ಗುರುತು ಕೊಡು ಅಂತ ಫ್ರೇಮ್‌ವರ್ಕ್ ಕೇಳುತ್ತದೆ. ಕೊಡದಿದ್ದರೆ ಎಚ್ಚರಿಕೆ ತೋರಿಸುತ್ತದೆ. ಪುಟ ಕಟ್ಟುವಾಗ ಆ ಎಚ್ಚರಿಕೆ ನೋಡಿ ಗಾಬರಿಯಾಗಿ, ಅದು ಸುಮ್ಮನಾದರೆ ಸಾಕು ಅಂತ, ಸಾಲಿನ ನಂಬರನ್ನೇ ಗುರುತು ಅಂತ ಕೊಟ್ಟಿದ್ದಳು. ಒಂದು, ಎರಡು, ಮೂರು. ಎಚ್ಚರಿಕೆ ಸುಮ್ಮನಾಗಿತ್ತು. ಟಿಕ್ ಮಾತ್ರ ಹೆಸರಿಗಲ್ಲ, ಆ ನಂಬರಿಗೆ ಅಂಟಿಕೊಂಡಿತ್ತು.

ಆದರೆ ಹಾಗಲ್ಲದಿದ್ದರೆ ಏನು ಕೊಡುವುದು?

ಸಂಜೆ ಮತ್ತೆ ಮೆಟ್ಟಿಲಿಗೆ ಬಂದಳು. ಗೊಂದಲ ಹೋಗಿರಲಿಲ್ಲ, ಬರೀ ಜಾಗ ಬದಲಾಯಿಸಿತ್ತು.

"ಹೆಸರನ್ನೇ ಗುರುತಾಗಿ ಕೊಟ್ಟರೆ ಇಬ್ಬರು ಸರಸ್ವತಮ್ಮ ಇದಾರೆ. ಕೋಣೆ ನಂಬರ್ ಕೊಟ್ಟರೆ ಕೋಣೆ ಬದಲಾಯಿಸ್ತಾರೆ. ಫೋನ್ ನಂಬರ್ ಕೊಡೋಣ ಅಂದ್ರೆ ಮೇಷ್ಟ್ರ ಹತ್ರ ಫೋನೇ ಇಲ್ಲ. ಒಬ್ಬ ಮನುಷ್ಯನ್ನ ಯಾವುದರಿಂದ ಗುರುತು ಹಿಡಿಯೋದು, ಮಾತಾಜಿ?"

"ಬಾಯಾರಿಕೆ ಆಗ್ತಿದೆ," ಮಾತಾಜಿ ಅಂದರು. "ಒಳಗಿಂದ ನನ್ನ ಲೋಟ ತಗೊಂಡು ಬಾ."

ಮೇದಿನಿ ಪಾತ್ರೆ ಗೂಡಿಗೆ ಹೋದಳು. ತೊಳೆದ ಲೋಟಗಳನ್ನು ಸಾಲಾಗಿ ಜೋಡಿಸಿಟ್ಟಿದ್ದರು. ಎಲ್ಲವೂ ಒಂದೇ ಥರ.

"ಮಾತಾಜಿ ಲೋಟ ಯಾವುದು?"

"ಮೂರು," ಅಂದಳು ದೇವೀರಮ್ಮ ತಿರುಗಿ ನೋಡದೆ.

ಮೇದಿನಿ ಮೂರನೇ ಲೋಟ ಎತ್ತಿಕೊಂಡಳು.

"ಅದಲ್ಲ ಕಣವ್ವ! ಅಯ್ಯೋ ದೇವರೇ. ತಳ ನೋಡು, ತಳ."

ತಳದಲ್ಲಿ ಹದಿನೇಳು ಅಂತ ಕೊರೆದಿತ್ತು.

"ಅದು ಮೇಷ್ಟ್ರದ್ದು," ದೇವೀರಮ್ಮ ಹೇಳಿದಳು. "ಬಂದ ದಿನ ಕೊಟ್ಟದ್ದು, ಹೋಗೋವರೆಗೂ ಅದೇ. ಎಲ್ಲಿ ಕೂತರೂ ಜೊತೇಲಿ ಹೋಗ್ತದೆ. ನನ್ನ ಸ್ಲೇಟಿನಲ್ಲಿ ಅಷ್ಟೇ ಬರೀತಿದ್ದೆ. ಹದಿನೇಳು, ಉಪ್ಪಿಲ್ಲ. ಬಡಿಸೋರು ಲೋಟ ಎತ್ತಿ ನೋಡೋರು. ನೀನು ಕೇಳಿದ್ರೆ ತಾನೇ ಹೇಳೋದು? ಬರ್ತೀಯ, ಗಾಜು ಒರೆಸ್ತೀಯ, ಹೋಗ್ತೀಯ."

ಮೇದಿನಿ ಲೋಟ ಹಿಡಿದು ಹಾಗೇ ನಿಂತಳು. ಮಧ್ಯಾಹ್ನ ಕೇಳಿದ ಠಣ ಠಣ ಈಗ ಅರ್ಥವಾಯಿತು. ಜನ ಜರುಗಿದಾಗ ಲೋಟಗಳೂ ಜರುಗಿದ್ದವು.

ಕೋಣೆಗೆ ಹೋಗಿ ತನ್ನ ಲೋಟವನ್ನೂ ತಿರುಗಿಸಿ ನೋಡಿದಳು. ನಾಲ್ಕು ತಿಂಗಳು ಅದರಲ್ಲೇ ನೀರು ಕುಡಿದಿದ್ದಳು. ತಳದಲ್ಲಿ ನಲವತ್ತು ಅಂತಿತ್ತು.

ಮಾತಾಜಿಗೆ ನೀರು ಕೊಡುವುದು ಮರೆತೇ ಹೋಯಿತು.

ಮರುದಿನ ಮಧ್ಯಾಹ್ನ ಪರದೆಯಲ್ಲಿ ಎಲ್ಲರ ಹೆಸರೂ ಬಂತು. ಒಳಗೆ, ಯಾರಿಗೂ ಕಾಣದ ಹಾಗೆ, ಪ್ರತಿ ಸಾಲಿಗೂ ಲೋಟದ ತಳದ ಸಂಖ್ಯೆಯೇ ಗುರುತು.

ದೇವೀರಮ್ಮ ಪಕ್ಕದಲ್ಲಿ ಸ್ಲೇಟು ಹಿಡಿದುಕೊಂಡೇ ನಿಂತಿದ್ದಳು. ಒದ್ದೆ ಬೆರಳು ಸೆರಗಿಗೆ ಒರೆಸಿಕೊಂಡು ಮೊದಲ ಹೆಸರಿನ ಇಂಟು ಮಾರ್ಕ್ ಒತ್ತಿದಳು. ಹೆಸರುಗಳು ಜರುಗಿದವು. ಮೇಷ್ಟ್ರ ಹೆಸರು ಮೇಲೆ ಹೋಯಿತು. ಟಿಕ್ ಜೊತೆಯಲ್ಲೇ ಹೋಯಿತು.

ನಡುವಿನ ಒಂದನ್ನು ಒತ್ತಿದಳು. ಟಿಕ್ ಮೇಷ್ಟ್ರನ್ನು ಬಿಡಲಿಲ್ಲ.

"ಹೂಂ," ಅಂದಳು ದೇವೀರಮ್ಮ. ಸ್ಲೇಟನ್ನು ಕೈಗೆ ಸಿಗುವ ಹಾಗೆ ಅಕ್ಕಿ ಡಬ್ಬದ ಹಿಂದೆ ಇಟ್ಟಳು.

ಮೇಷ್ಟ್ರು ಉಪ್ಪಿಲ್ಲದ ಊಟ ಮಾಡಿ, ಕೈ ತೊಳೆದು, ತಮ್ಮ ಲೋಟ ಹಿಡಿದು ನಿಧಾನವಾಗಿ ನಡೆದುಹೋದರು.

ಮೇದಿನಿ ಮೆಟ್ಟಿಲಿಗೆ ಬಂದಳು. ಕಂಕುಳಲ್ಲಿ ಲ್ಯಾಪ್‌ಟಾಪ್. ಒಂದು ಕೈಯಲ್ಲಿ ಮಾತಾಜಿಯ ಲೋಟದ ತುಂಬ ನೀರು.

"ನಿನ್ನೆ ಕೇಳಿದ್ದು ಇವತ್ತು ಬಂತು," ಮಾತಾಜಿ ಕುಡಿದರು. "ನಿನ್ನ ಲೋಟ?"

"ಕೋಣೆಯಲ್ಲಿದೆ."

"ಏನಾಗಿತ್ತು, ಹೇಳು."

"ಅವರನ್ನ ಅವರಿದ್ದ ಜಾಗದಿಂದ ಗುರುತು ಹಿಡಿದಿದ್ದೆ."

"ಯಾರನ್ನ?"

"ಐದನೇ…" ಮೇದಿನಿ ಮಾತು ತಿದ್ದಿಕೊಂಡಳು. "ಮೇಷ್ಟ್ರನ್ನ."

ಮಾತಾಜಿ ತಲೆಯಾಡಿಸಿದರು. ಕೆಳಗಿನ ಮೆಟ್ಟಿಲಲ್ಲಿ ಯಾರೋ ಒಬ್ಬಾಕೆ ಕಾಲು ಇಳಿಬಿಟ್ಟು ಕೂತಿದ್ದಳು.

"ನಿನ್ನೆ ಮೊದಲನೇ ಎಲೆಯಿಂದ ಎದ್ದು ಹೋದದ್ದು ಯಾರು?"

ಮೇದಿನಿಯ ಮುಖ ಕೆಂಪಾಯಿತು. "ಒಂದು ನಿಮಿಷ, ಮಾತಾಜಿ. ನಿನ್ನೆಯ ಪಟ್ಟಿಯಲ್ಲಿರುತ್ತೆ." ಅವಸರದಿಂದ ಲ್ಯಾಪ್‌ಟಾಪ್ ತೆರೆದಳು.

ಮಾತಾಜಿ ಕಣ್ಣು ಮುಚ್ಚಿಕೊಂಡರು.

"ಅದನ್ನ ಮುಚ್ಚು. ನಿನಗೋಸ್ಕರ ಎಲೆ ಬಿಟ್ಟು ಎದ್ದವಳು ಅಲ್ಲಿ ಕೆಳಗೆ ಕೂತಿದಾಳೆ. ಹೋಗಿ ಕೇಳು."