ಸೂಜಿಗಲ್ಲಿನ ಮಾನಪ್ಪ

ಬಹಳ ಹಿಂದೆ, ಎಷ್ಟು ಹಿಂದೆ ಅಂತ ನನ್ನ ಅಜ್ಜಿಗೂ ಗೊತ್ತಿರಲಿಲ್ಲ, ಕೆಂಪು ಗುಡ್ಡದ ಬುಡದಲ್ಲಿ ಇದ್ದಿಲಹಾಳು ಎಂಬ ಒಂದು ಊರಿತ್ತಂತೆ. ಊರ ತುಂಬ ಕಮ್ಮಾರರು. ಮನೆಗೊಂದು ಕುಲುಮೆ, ಕುಲುಮೆಗೊಂದು ತಿದಿ. ಬೆಳಗಾದರೂ ಸುತ್ತಿಗೆ ಸದ್ದು, ಬೈಗಾದರೂ ಸುತ್ತಿಗೆ ಸದ್ದು. ಗಟ್ಟಿ ಜನವೇ, ಆದರೆ ನಲವತ್ತು ದಾಟಿದವರಲ್ಲಿ ಎರಡೂ ಕಣ್ಣು ನೆಟ್ಟಗಿದ್ದವರು ಸಿಗುವುದು ಕಷ್ಟವಿತ್ತಂತೆ. ಕಬ್ಬಿಣ ಬಡಿಯುವಾಗ ಚೂರು ಸಿಡಿಯುತ್ತದೆ. ಸಿಡಿದದ್ದು ಎಲ್ಲಿ ಕೂರಲಿ ಅಂತ ಯಾರನ್ನೂ ಕೇಳುವುದಿಲ್ಲ.

ಆ ಊರಲ್ಲಿ ಮಾನಪ್ಪ ಎಂಬ ಕಮ್ಮಾರನಿದ್ದ. ಅವನ ಒಂದು ಕಣ್ಣು ಹರೆಯದಲ್ಲಿ ಹೋಯಿತು, ಇನ್ನೊಂದು ತಲೆ ನರೆಯುವ ಹೊತ್ತಿಗೆ ಹೋಯಿತು. ಸುತ್ತಿಗೆ ಕೆಳಗಿಟ್ಟ. ಸುಮ್ಮನೆ ಕೂತವನಿಗೆ ಕುರಿಯವನೊಬ್ಬ ಗುಡ್ಡದಿಂದ ಎರಡು ಕರೀ ಕಲ್ಲು ತಂದುಕೊಟ್ಟನಂತೆ. ಸೂಜಿ ಹಿಡಿದರೆ ಹಾರಿಬಂದು ಅಂಟುವ ಕಲ್ಲು. ಎರಡನ್ನೂ ಎದುರುಬದುರು ಹಿಡಿದರೆ ಒಮ್ಮೆ ಎಳೆಯುತ್ತಿದ್ದವು, ಒಂದನ್ನು ತಿರುವಿ ಹಿಡಿದರೆ ನೂಕುತ್ತಿದ್ದವು. ಮಾನಪ್ಪ ಆ ಕಲ್ಲು ಹಿಡಿದು ಜನರ ಕಣ್ಣಿನ ಚೂರು ತೆಗೆಯಲು ಕಲಿತ. ನೂರು ಕಣ್ಣು ಉಳಿಸಿದ ಅಂತ ನಮ್ಮಜ್ಜಿ, ಸಾವಿರ ಅಂತ ಪಕ್ಕದ ಮನೆಯವರು. ಇರಲಿ, ಸತ್ತವನಿಗೆ ಸ್ವಲ್ಪ ಹೆಚ್ಚು ಕೊಟ್ಟರೆ ನಮ್ಮ ಗಂಟೇನು ಹೋಯಿತು.

ಆದರೆ ಅವನಿಗೆ ಕಣ್ಣಿನ ಚೂರು ತೆಗೆಯುವುದಕ್ಕಿಂತ ಪಾಠ ಹೇಳುವುದೇ ಹೆಚ್ಚು ಇಷ್ಟವಾಗಿತ್ತಂತೆ. ಹಾಳು ಕುಲುಮೆಯೊಂದರ ನೆರಳಲ್ಲಿ ಊರಿನ ಮಕ್ಕಳನ್ನೆಲ್ಲ ಕೂರಿಸಿಕೊಳ್ಳುತ್ತಿದ್ದ. ಮೊರದಲ್ಲಿ ಕಬ್ಬಿಣದ ಪುಡಿ ಹರವಿ ಕೆಳಗೆ ಕಲ್ಲು ಆಡಿಸಿದರೆ ಪುಡಿ ಎದ್ದು ನಿಲ್ಲುತ್ತಿತ್ತು. ಆಮೇಲೆ ಎರಡು ಮಕ್ಕಳ ಕೈಗೆ ಒಂದೊಂದು ಕಲ್ಲು ಕೊಟ್ಟು, "ಕಣ್ ಮುಚ್ಚ್ರಿ, ಇದು ಕಣ್ಣಿಗೆ ಕಾಣಾ ಪಾಠ ಅಲ್ಲ" ಅನ್ನುತ್ತಿದ್ದ. ನಡುವೆ ಏನೂ ಇಲ್ಲದೆ ಕೈಯನ್ನು ಯಾರೋ ಹಿಂದಕ್ಕೆ ನೂಕಿದಂತಾದಾಗ ಒಬ್ಬ ಹುಡುಗ ದೆವ್ವ ಅಂತ ಕಲ್ಲು ಬಿಸಾಕಿದನಂತೆ. ದೆವ್ವವಾದರೆ ಇವತ್ತು ನೂಕಿದ್ದು ನಾಳೆ ಎಳೆದೀತು, ಇದು ಹಾಗಲ್ಲ, ಬೇಕಾದರೆ ತಿರುವಿ ನೋಡು, ನನ್ನ ಮಾತು ನಂಬಬೇಡ, ಕಲ್ಲನ್ನೇ ಕೇಳು ಅಂತ ಮಾನಪ್ಪ ನಕ್ಕ.

ಆ ಮಕ್ಕಳಲ್ಲಿ ಸುಂಕಮ್ಮ ಅಂತ ಒಬ್ಬಳಿದ್ದಳು, ಎದುರುಮನೆ ಕಾಳಪ್ಪನ ಮಗಳು, ಒಂಬತ್ತು ವರ್ಷದವಳು. ಅವಳು ಎರಡೂ ಕಲ್ಲನ್ನು ಬೇರೆಬೇರೆ ದಾರದಲ್ಲಿ ತೂಗುಹಾಕಿ, ಬಡಗಣ ದಿಕ್ಕಿಗೆ ತಿರುಗಿ ನಿಂತ ತುದಿಗಳಿಗೆ ಸುಣ್ಣ ಹಚ್ಚಿದಳಂತೆ. ಸುಣ್ಣದ ತುದಿಗೆ ಸುಣ್ಣದ ತುದಿ ಹಿಡಿದರೆ ಯಾವಾಗಲೂ ನೂಕುತ್ತದೆ, ಸುಣ್ಣದ್ದಕ್ಕೆ ಬರೀ ತುದಿ ಹಿಡಿದರೆ ಯಾವಾಗಲೂ ಎಳೆಯುತ್ತದೆ ಅಂತ ಬಂದು ಹೇಳಿದಳು. ಹತ್ತು ವರ್ಷ ಕೈಯಲ್ಲಿಟ್ಟುಕೊಂಡೂ ಮಾನಪ್ಪ ಅದನ್ನು ಕಂಡಿರಲಿಲ್ಲ. ಅವಳ ತಲೆ ಸವರಿ ಸವರಿ ಅತ್ತನಂತೆ. ಮಕ್ಕಳಿಲ್ಲದ ಅವನಿಗೆ ಅಂದಿನಿಂದ ಅವಳೇ ಮಗಳು.

ಒಂದು ದಿನ ನಡುಹಗಲಲ್ಲಿ ಸುಂಕಮ್ಮ ಅಪ್ಪನ ತಿದಿ ಒತ್ತುತ್ತಿದ್ದಾಗ ಚೂರು ಸಿಡಿದು ಅವಳ ಎಡಗಣ್ಣಿಗೆ ಬಿತ್ತು. ಕಾಳಪ್ಪ ಮಗಳನ್ನು ಎತ್ತಿಕೊಂಡು ಓಡಿಬಂದ. ಮಾನಪ್ಪ ಕಲ್ಲು ಹಿಡಿದ. ಚೂರು ಆಳಕ್ಕೆ ಕೂತಿತ್ತು. ಮಿಸುಕಿತು, ಬರಲಿಲ್ಲ. ಇನ್ನೊಂದು ಕಲ್ಲು ಹಿಡಿದ, ಆಗಲೂ ಮಿಸುಕಿತು, ಬರಲಿಲ್ಲ.

ಕಲ್ಲಿಗೆ ಬಲ ಸಾಲದು, ಹದ ಹಾಕಿ ನೀರು ಕುಡಿಸೋಣ ಅಂದ ಕಾಳಪ್ಪ. ಮೆತ್ತಗಿನ ಕುಡುಗೋಲು ಬೆಂಕಿಯಲ್ಲಿ ಕಾದು ನೀರಿಗೆ ಬಿದ್ದರೆ ಗಟ್ಟಿಯಾಗುವುದಿಲ್ಲವೇ, ಹಾಗೆಯೇ. ಆ ಊರಲ್ಲಿ ಬೆಂಕಿಗೆ ಹೋಗಿ ಕೆಟ್ಟು ಬಂದ ವಸ್ತುವನ್ನು ಯಾರೂ ಕಂಡಿರಲಿಲ್ಲ. ಮಾನಪ್ಪನೂ ಮೊದಲು ಕಮ್ಮಾರ, ಆಮೇಲೆ ಮೇಷ್ಟ್ರು. ಒಂದು ಕಲ್ಲನ್ನು ಕೆಂಡಕ್ಕಿಟ್ಟ. ಇನ್ನೊಂದನ್ನು ಮುಷ್ಟಿಯಲ್ಲಿ ಹಿಡಿದೇ ನಿಂತಿದ್ದನಂತೆ, ಬಹಳ ಹೊತ್ತು. ಮೊದಲು ಒಂದನ್ನು ಕೇಳಿ ನೋಡಬೇಕು ಅಂತ ಅವನ ಮನಸ್ಸಿಗೆ ಬಂದಿತ್ತಂತೆ. ಅಷ್ಟರಲ್ಲಿ ಸುಂಕಮ್ಮ ನೋವಿಗೆ ಚೀರಿದಳು. ಎರಡಕ್ಕೂ ಬಲ ಬಂದರೆ ಚೂರು ಬೇಗ ಬಂದೀತು ಅಂತ ಅವನು ಮುಷ್ಟಿ ಬಿಚ್ಚಿ ಅದನ್ನೂ ಕೆಂಡಕ್ಕಿಟ್ಟ.

ತಿದಿ ಒತ್ತಿದರು. ಕಲ್ಲು ಕೆಂಪಗಾದವು. ನೀರಿಗೆ ಹಾಕಿದರು. ಮಾನಪ್ಪ ತೆಗೆದು ಸೂಜಿ ಹಿಡಿದ, ಅಂಟಲಿಲ್ಲ. ತಿರುವಿ ಹಿಡಿದ, ಅಂಟಲಿಲ್ಲ. ಎರಡನ್ನೂ ಎದುರುಬದುರು ಹಿಡಿದ. ಎಳೆಯಲೂ ಇಲ್ಲ, ನೂಕಲೂ ಇಲ್ಲ. ಹೊಳೆದಂಡೆಯ ಗುಂಡುಕಲ್ಲಿನ ಹಾಗೆ ಅಂಗೈಯಲ್ಲಿ ಬಿದ್ದುಕೊಂಡಿದ್ದವು.

ಕಣ್ಣು ಹೋಯಿತು. ವಾರ ಕಳೆದ ಮೇಲೆ ಸುಂಕಮ್ಮ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಪಾಠಕ್ಕೆ ಬಂದು, "ಅಜ್ಜಾ, ಒಂದನ್ನಾದ್ರೂ ಇಟ್ಕಬೇಕಿತ್ತಲ್ಲ?" ಅಂದಳಂತೆ. ದೂರಿಗಲ್ಲ, ಯಾವಾಗಲೂ ಪಾಠದಲ್ಲಿ ಕೇಳುವ ಹಾಗೇ ಕೇಳಿದಳು.

ಕುರಿಯವರು ಗುಡ್ಡವನ್ನೆಲ್ಲ ಜಾಲಾಡಿದರು, ಅಂಥ ಕಲ್ಲು ಮತ್ತೆ ಸಿಗಲಿಲ್ಲ. ಆ ವರ್ಷವೇ ಇನ್ನೂ ಮೂವರ ಕಣ್ಣು ಹೋದವು. ಪ್ರತಿಸಲವೂ ಮಾನಪ್ಪ ಕೋಲೂರಿಕೊಂಡು ಆ ಮನೆಗೆ ಹೋಗಿ ಬಾಗಿಲಲ್ಲಿ ಕೂತುಬಿಡುತ್ತಿದ್ದನಂತೆ. ತಪ್ಪು ನನ್ನದು, ನಾನೇ ಹೇಳಿದ್ದು ಅಂತ ಕಾಳಪ್ಪ ಎಷ್ಟು ಹೇಳಿದರೂ ಮಾನಪ್ಪ ಆ ತಪ್ಪನ್ನು ಅವನಿಗೆ ಬಿಟ್ಟುಕೊಡಲಿಲ್ಲ. ಪಾಠ ಮಾತ್ರ ನಿಲ್ಲಿಸಲಿಲ್ಲ. ಹೊಸದಾಗಿ ಬಂದ ಮಗುವಿನ ಕೈಗೆ ಮೊದಲು ಆ ಸತ್ತ ಕಲ್ಲುಗಳನ್ನು ಇಟ್ಟು, ಇವನ್ನು ಕೊಂದವನು ನಾನು ಅಂತಲೇ ಶುರುಮಾಡುತ್ತಿದ್ದ. ಅವನು ಹೋದ ಮೇಲೆ ಆ ಜಾಗದಲ್ಲಿ ಸುಂಕಮ್ಮ ಕೂತಳು. ಮುದುಕಿಯಾಗುವ ತನಕ ಪಾಠ ಹೇಳಿದಳಂತೆ.

ಈಗ ಇದ್ದಿಲಹಾಳಿನಲ್ಲಿ ಕುಲುಮೆಗಳು ಎರಡೋ ಮೂರೋ. ಆದರೆ ಇವತ್ತಿಗೂ ಆ ಊರಿನವರು ಗೊತ್ತಿಲ್ಲದ್ದಕ್ಕೆ ಕೈಹಾಕುವಾಗ ಇದ್ದದ್ದನ್ನೆಲ್ಲ ಸುರಿಯುವುದಿಲ್ಲ. ಹೊಸ ಬೀಜ ಬಿತ್ತಿದರೆ ಹಳೇ ಬೀಜ ಒಂದು ಸೇರು ಉಳಿಸುತ್ತಾರೆ. ಹೊಸ ಬಗೆ ಉಪ್ಪಿನಕಾಯಿ ಹಾಕಿದರೆ ಹಳೇ ಬಗೆಯದರ ಒಂದು ಭರಣಿಯನ್ನು ಮುಟ್ಟದೆ ಬಿಡುತ್ತಾರೆ. ಹಾಗೆ ಉಳಿಸಿದ್ದನ್ನು ಮಾನಪ್ಪನ ಪಾಲು ಅನ್ನುತ್ತಾರೆ. ಅದನ್ನು ಬದಿಗಿಡುವ ಕೆಲಸ ಮನೆಯ ಹೆಣ್ಣುಮಗುವಿನದು. ಇಡುವಾಗ ಅವಳು ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡಿರಬೇಕು.